ಈಜು, ಸೈಕಲ್, ಓಟ: ಮೊದಲನೇ ಸ್ಪ್ರಿಂಟ್ ಟ್ರಯಥ್ಲಾನ್‌ಗೆ ತಯಾರಾಗೋದು ಹೆಂಗ

ಬಾಗಲಕೋಟಿ ನವನಗರದಾಗ ಬೆಳಿಗ್ಗೆ ಐದೂವರಿಗೆ ರೋಡಿಗೆ ಬಂದ್ರ ಓಡಾವ್ರು ಸಿಗ್ತಾರ, ಸೈಕಲ್ ಹೊಡಿಯಾವ್ರು ಸಿಗ್ತಾರ. ವಿಜಯಪುರ, ಬಾಗಲಕೋಟಿ ಅಂದ್ರ ಮೊದಲಿಂದ್ಲೂ ಸೈಕ್ಲಿಂಗಿಗೆ ಹೆಸರಾದ ಜಿಲ್ಲಾ, ಇಲ್ಲಿ ಗಾಳಿ ಬಿಸಿಲು ಎರಡೂ ತಡಕೊಂಡು ಬೆಳೆದ ಕಾಲುಗಳಿಗೆ ತಾಕತ್ತು ಕಡಿಮಿ ಇಲ್ಲ. ಆದ್ರ ಇವ್ರಿಗೆ "ಟ್ರಯಥ್ಲಾನ್ ಮಾಡ್ರಿ" ಅಂತ ಹೇಳಿ ನೋಡ್ರಿ, ಹತ್ತರಾಗ ಎಂಟು ಮಂದಿ "ನೀರೊಂದ್ ಬ್ಯಾಡ್ರಿ ಸರ" ಅಂತಾರ. ನಾನೂ 39ನೇ ವಯಸ್ಸಿನ ತನಕ ಹಂಗ ಅಂತಿದ್ದೆ. ನಾನೊಬ್ಬ ಸರಕಾರಿ ಶಾಲಿ ಮಾಸ್ತರ, ಕೋಚ್ ಅಲ್ಲ, ಎರಡು ಸ್ಪ್ರಿಂಟ್ ರೇಸ್ ಮುಗಿಸೀನಿ, ಮೂರನೇದಕ್ಕ ತಯಾರಿ ನಡಿಸೀನಿ. ಮೊದಲ ಸಲ ಹೋಗಾವ್ರಿಗೆ ಏನು ಗೊತ್ತಿರಬೇಕು ಅನ್ನೋದನ್ನ ಹೆಜ್ಜಿ ಹೆಜ್ಜಿಯಾಗಿ ಇಲ್ಲಿ ಬರೀತೀನಿ.

ಸ್ಪ್ರಿಂಟ್ ಅಂದ್ರ ಎಷ್ಟು

750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ, ನಡುವ ನಿಲ್ಲಂಗಿಲ್ಲ, ಗಡಿಯಾರ ಓಡ್ತಾನ ಇರ್ತೈತಿ. 2000ದ ಸಿಡ್ನಿ ಒಲಿಂಪಿಕ್ಸ್‌ನ್ಯಾಗ ಟ್ರಯಥ್ಲಾನ್ ಮೊದಲ ಸಲ ಸೇರಿದಾಗಿಂದ ಅಲ್ಲಿ ಒಬ್ಬೊಬ್ಬರ ರೇಸಿನ ದೂರ 1.5 ಕಿ.ಮೀ., 40 ಕಿ.ಮೀ., 10 ಕಿ.ಮೀ. ಐತಿ, ಸ್ಪ್ರಿಂಟ್ ಅದರ ಸರಿಯಾಗಿ ಅರ್ಧ. ಗೋವಾದ ಮಿರಾಮಾರ್ ಬೀಚಿನ್ಯಾಗ 2019ರಿಂದ ಶುರುವಾದ ಐರನ್‌ಮ್ಯಾನ್ 70.3 ಸುದ್ದಿ ಕೇಳಿ ಭಾಳ ಮಂದಿ ಟ್ರಯಥ್ಲಾನ್ ಅಂದ್ರ ಅದೇ ಅನ್ಕೊಂಡಾರ. ಅದು 1.9 ಕಿ.ಮೀ. ಸಮುದ್ರದಾಗ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಬ್ಯಾರೇನ ಲೆಕ್ಕ. ಮೊದಲು ಸ್ಪ್ರಿಂಟ್ ಮಾಡ್ರಿ. ನೌಕರಿ, ಹೊಲ, ಅಂಗಡಿ ನೋಡ್ಕೊಂಡು ಮೂರು ತಿಂಗಳದಾಗ ತಯಾರಾಗಬಹುದು, ಅದೂ ನಿಮಗ ಈಗಾಗಲೇ 5 ಕಿ.ಮೀ. ನಿಲ್ಲದ ಓಡಾಕ ಬರ್ತಿದ್ರ ಮತ್ತ ನೀರಿನ್ಯಾಗ ಒಂದಿಷ್ಟು ಕೈಕಾಲು ಆಡ್ತಿದ್ರ. ನೀರೇ ಗೊತ್ತಿಲ್ಲ ಅಂದ್ರ ಆರು ತಿಂಗಳು ಹಿಡೀರಿ. ಮೂವತ್ತೈದು ದಾಟಿದಾವ್ರು, ಬಿ.ಪಿ., ಶುಗರ್ ಇದ್ದಾವ್ರು ಮೊದಲು ಡಾಕ್ಟರ್ ಕಡೆ ಹೋಗಿ ತೋರಿಸ್ಕೊಂಡು ಆಮ್ಯಾಲ ಬೂಟು ಕಟ್ರಿ.

ಮೊದಲನೇ ಹೆಜ್ಜಿ: ಬಾವಿ ಈಜು ಮರೀರಿ

ನಮ್ಮ ಕಡೆ ಗಂಡಸರು ಈಜು ಕಲಿತದ್ದು ಬಾವ್ಯಾಗ. ಬೆನ್ನಿಗೆ ಖಾಲಿ ಕ್ಯಾನ್ ಕಟ್ಟಿ, ಸೊಂಟಕ್ಕ ಹಗ್ಗ ಬಿಗಿದು, ಕಾಕಾನೋ ಮಾಮಾನೋ ಮ್ಯಾಲಿಂದ ದಬ್ಬಿದ್ರ ಮುಗೀತು, ನಾಲ್ಕು ದಿನಕ್ಕ ಈಜು ಬಂತು. ಆ ಈಜಿನ್ಯಾಗ ಧೈರ್ಯ ಐತಿ, ಅದನ್ನ ನಾ ಕಡಿಮಿ ಅನ್ನಾಂಗಿಲ್ಲ, ಆದ್ರ ತಲಿ ಪೂರಾ ನೀರಿನ ಮ್ಯಾಲ ಇರ್ತೈತಿ. ತಲಿ ಮ್ಯಾಲ ಎದ್ದಂಗ ಸೊಂಟ, ಕಾಲು ಕೆಳಗ ಇಳೀತಾವ, ನೀರು ಎದೆಗೆ ತಡೀತೈತಿ, 100 ಮೀಟರಿಗೆ ಸುಸ್ತು. 750 ಮೀಟರ್ ಹೋಗಬೇಕಂದ್ರ ಮುಖ ನೀರಿನ್ಯಾಗ ಇಟ್ಟು, ಒಂದಾದ ಮ್ಯಾಲೊಂದು ಕೈ ಬೀಸಿ ಈಜೋ ಫ್ರೀಸ್ಟೈಲ್ ಕಲೀಬೇಕು.

ಅದಕ್ಕೂ ಮೊದಲು ಉಸಿರು. ನೀರಿನ ಒಳಗ ಮೂಗು ಬಾಯಿಯಿಂದ ಉಸಿರು ಬಿಡ್ರಿ, ಗುಳ್ಳಿ ಬರಬೇಕು, ಬಾಯಿ ಮ್ಯಾಲ ಬಂದಾಗ ತಗೊಳ್ಳೋದು ಅಷ್ಟ. ಹೊಸಬರು ಒಳಗ ಉಸಿರು ಹಿಡ್ಕೊಂಡು, ಮ್ಯಾಲ ಬಂದಾಗ ಬಿಡೋದು ತಗೊಳ್ಳೋದು ಎರಡೂ ಮಾಡಾಕ ಹೋಗ್ತಾರ, ಎರಡೂ ಅರ್ಧಂಬರ್ಧ ಆಗ್ತಾವ, ಒಳಗ ಕಾರ್ಬನ್ ಡೈಆಕ್ಸೈಡ್ ಕೂಡಿ ದಮ್ಮು ಕಟ್ಟಿದಂಗ ಆಗ್ತೈತಿ. ಗಾಳಿ ಸಾಲವಲ್ದು ಅಂತ ಅನಸ್ತೈತಿ, ಖರೇ ಅಂದ್ರ ಹಳೇ ಗಾಳಿ ಹೊರಗ ಹೋಗಿರಂಗಿಲ್ಲ. ನಾ ಮೊದಲಿನ ಎರಡು ವಾರ ಈಜಲೇ ಇಲ್ಲ, ಈಜುಕೊಳದ ದಂಡಿ ಹಿಡ್ಕೊಂಡು ಮುಖ ಮುಳಗಿಸಿ ಗುಳ್ಳಿ ಬಿಡೋದೊಂದ. ಬಾಜೂಕ ಆರೇಳು ವರ್ಷದ ಹುಡುಗ್ರು ಅದನ್ನೇ ಮಾಡ್ತಿದ್ರು, ಅವ್ರ ಜೋಡಿ ನಾನೂ ಮಾಡಿದೆ. ಇವತ್ತಿಗೂ ಅದಕ್ಕಿಂತ ಉಪಯೋಗ ಬಿದ್ದ ಎರಡು ವಾರ ಇಲ್ಲ.

25 ಮೀಟರಿನ ಕೊಳದಾಗ 750 ಅಂದ್ರ ಈ ದಂಡಿಯಿಂದ ಆ ದಂಡಿಗೆ 30 ಸಲ. ಬೆಳಗಾವಿಯಾವ್ರಿಗೆ ಗೋವಾವೇಸ್ ಕೊಳ ಐತಿ, ಉಳಿದಾವ್ರು ನಿಮ್ಮೂರಾಗ ಯಾವುದು ಚಾಲೂ ಐತಿ ಕೇಳ್ಕೊಳ್ರಿ. ಲೆಕ್ಕ ತಪ್ಪತೈತಿ, ಹನ್ನೊಂದೋ ಹದಿಮೂರೋ ಗೊತ್ತಾಗಂಗಿಲ್ಲ, ಹಿಂಗಾಗಿ ನಾ ಹಾಜರಿ ಪುಸ್ತಕದ ಮೊದಲಿನ 30 ಮಕ್ಕಳ ಹೆಸರು ಮನಸಿನ್ಯಾಗ ಕರಕೋತ ಈಜ್ತೀನಿ, ಒಂದು ದಂಡಿಗೆ ಒಂದು ಹೆಸರು. ಒಮ್ಮೆಲೆ 30 ಮಾಡಾಕ ಹೋಗಬ್ಯಾಡ್ರಿ. ಎರಡು ಉದ್ದ ಈಜಿ ಅರ್ಧ ನಿಮಿಷ ನಿಲ್ರಿ, ಹಿಂಗ ಹತ್ತು ಸಲ, ವಾರಾ ವಾರಾ ನಿಲ್ಲೋದನ್ನ ಕಡಿಮಿ ಮಾಡ್ಕೋತ ಹೋಗ್ರಿ. ಕಾಲು ಜೋರಾಗಿ ಬಡೀಬ್ಯಾಡ್ರಿ, ಮುಂದ ಸೈಕಲ್ಲು ಓಟ ಎರಡಕ್ಕೂ ಅವೇ ಕಾಲು ಬೇಕು.

ಕೆರಿಯಾಗ ಈಜುಕೊಳದ ತಳದಾಗ ಇದ್ದಂಗ ಕರಿ ಗೆರಿ ಇರಂಗಿಲ್ಲ, ನೆಟ್ಟಗ ಹೋಗಾಕ ಆರೆಂಟು ಕೈಗೊಮ್ಮೆ ಕಣ್ಣಷ್ಟ ಮ್ಯಾಲ ಎತ್ತಿ ಬಲೂನಿನಂಥಾ ತೇಲು ಗುರುತು ನೋಡ್ಕೋಬೇಕು. ಇದನ್ನ ಕೊಳದಾಗ ಪ್ರಾಕ್ಟೀಸ್ ಮಾಡ್ರಿ. ಮೂರು ಮಂದಿ ಗೆಳ್ಯಾರು ಒಂದೇ ಸಾಲಿನ್ಯಾಗ ಒತ್ತೊತ್ತಾಗಿ ಈಜ್ರಿ, ಕೈ ತಾಕಬೇಕು, ಕಾಲು ಮುಖಕ್ಕ ಬರಬೇಕು, ರೇಸಿನ ದಿನ ಅದೇ ಆಗೋದು.

ಒಂದು ಮಾತು ಕೈ ಮುಗಿದು ಹೇಳ್ತೀನಿ, ಪ್ರಾಕ್ಟೀಸ್ ಅಂತ ಆಲಮಟ್ಟಿ ಹಿನ್ನೀರಿಗೆ, ಘಟಪ್ರಭಾಕ್ಕ, ಕೆನಾಲಿಗೆ ಇಳೀಬ್ಯಾಡ್ರಿ. ಹಿನ್ನೀರಿನ ಕೆಳಗ ಹಳೇ ಬಾಗಲಕೋಟಿ ಓಣಿ ಮುಳಗ್ಯಾವ, ಹೊಲ, ಬಾವಿ, ಗಿಡದ ಬೊಡ್ಡಿ ಎಲ್ಲೆ ಅದಾವ ಅಂತ ಮ್ಯಾಲಿಂದ ಕಾಣಂಗಿಲ್ಲ, ಕೆಸರು ಕಾಲು ಹಿಡೀತೈತಿ, ಕೃಷ್ಣಾ ದಂಡಿಗುಂಟ ಮೊಸಳಿ ಇರೋದು ಎಲ್ಲಾರಿಗೂ ಗೊತ್ತೈತಿ. ಕೆನಾಲಿನ ಸೆಳವಿಗೆ ಚಲೋ ಈಜುಗಾರರೂ ಹೋಗ್ಯಾರ. ತೆರೆದ ನೀರಿನ ಅನುಭವ ಬೇಕಂದ್ರ ದೋಣಿ, ಲೈಫ್‌ಗಾರ್ಡ್ ಇರೋ ರೇಸಿನ ಹಿಂದಿನ ದಿನ ಬಿಡೋ ಪ್ರಾಕ್ಟೀಸ್ ಈಜಿಗೆ ಹೋಗ್ರಿ.

ಎರಡನೇ ಹೆಜ್ಜಿ: ಸೈಕಲ್

ಇಲ್ಲಿ ನಮ್ಮಾವ್ರಿಗೆ ಹೇಳೋದು ಕಡಿಮಿ. ಲಕ್ಷದ ಸೈಕಲ್ ಬ್ಯಾಡ, ಗೇರ್ ಇರೋ ಹೈಬ್ರಿಡ್ ಸಾಕು. ಎರಡೂ ಬ್ರೇಕ್ ಹಿಡೀಬೇಕು, ಹ್ಯಾಂಡಲ್ಲಿನ ತುದಿಗೆ ಬಿರಡಿ ಇರಬೇಕು ಇಲ್ಲಾಂದ್ರ ತಪಾಸಣಿಯಾಗ ಒಳಗ ಬಿಡಂಗಿಲ್ಲ, ಹೆಲ್ಮೆಟ್ ಅಂತೂ ಬೇಕೇ ಬೇಕು. ನಾ ಗದ್ದನಕೇರಿ ಕ್ರಾಸ್ ಕಡೆ ಹೋಗ್ತೀನಿ, ಮೀಟರಿನ್ಯಾಗ 10 ಕಿ.ಮೀ. ಆದ ಕೂಡ್ಲೇ ತಿರುಗಿ ಬರೋದು. ಆಷಾಢದ ಗಾಳಿ ಬಿಟ್ಟಾಗ ಒಂದು ಕಡೆ ಹಾರಿದಂಗ, ಇನ್ನೊಂದು ಕಡೆ ಗ್ವಾಡಿ ದಬ್ಬಿದಂಗ. ಗಾಳಿಗೆ ಎದುರು ಹೋಗುವಾಗ ಸ್ಪೀಡ್ ನೋಡಬ್ಯಾಡ್ರಿ, ಗೇರ್ ಹಗುರ ಮಾಡಿ ನಿಮಿಷಕ್ಕ 85-90 ಸಲ ಪೆಡಲ್ ತಿರಗಸ್ರಿ. ಭಾರೀ ಗೇರಿನ್ಯಾಗ ಒತ್ತಿದ್ರ ತೊಡಿ ಸತ್ತು ಹೋಗ್ತಾವ, ಅದರ ಸಾಲ ಓಟದಾಗ ತೀರಿಸಬೇಕು.

ಕಬ್ಬಿನ ಸೀಜನ್ನಿನ್ಯಾಗ ಭಾಳ ಹುಷಾರಿರಬೇಕು. ಎರಡೆರಡು ಟ್ರಾಲಿ ಎಳಕೊಂಡು ಬರೋ ಟ್ರ್ಯಾಕ್ಟರ್, ಹಿಂದ ಲೈಟ್ ಇರಂಗಿಲ್ಲ, ಮುಂದ ಹಾಡು ಜೋರು, ನೀವು ಒದರಿದ್ರ ಕೇಳಂಗಿಲ್ಲ. ನಸುಕಿನ್ಯಾಗ ಹೊಂಟ್ರ ಹಿಂದೊಂದು ಕೆಂಪು ಲೈಟ್ ಹಚ್ರಿ. ಜಾಲಿ ಮುಳ್ಳಿನ ಪಂಕ್ಚರ್ ತಪ್ಪಂಗಿಲ್ಲ, ಟ್ಯೂಬ್ ಬದಲಿ ಮಾಡೋದನ್ನ ಸ್ವಂತ ಕಲೀರಿ.

ನಿಯಮದಾಗ ಮುಖ್ಯದ್ದು ಡ್ರಾಫ್ಟಿಂಗ್. ಹವ್ಯಾಸಿಗಳ ರೇಸಿನ್ಯಾಗ ಸಾಮಾನ್ಯವಾಗಿ ಮುಂದಿನಾವ್ರ ಚಕ್ರಕ್ಕ ಹತ್ತಿ ಗಾಳಿ ತಪ್ಪಿಸ್ಕೊಂಡು ಹೋಗೋದು ತಪ್ಪು, ಟೈಮ್ ದಂಡ ಹಾಕ್ತಾರ. ದೂರ ಬಿಟ್ಟು ಹೋಗ್ರಿ, ಎಷ್ಟು ದೂರ ಅಂತ ರೇಸಿಗೆ ಮೊದಲು ನಿಯಮ ಹೇಳೋ ಬ್ರೀಫಿಂಗಿನ್ಯಾಗ ಕೇಳ್ರಿ, ದಾಟಬೇಕಂದ್ರ ಬಲಕ್ಕ ಬಂದು ಪಟ್ಟನ ದಾಟ್ರಿ.

ಮೂರನೇ ಹೆಜ್ಜಿ: ಇಳಿದ ಕೂಡ್ಲೇ ಓಡ್ರಿ

ಬರೇ 5 ಕಿ.ಮೀ. ಓಡೋದಕ್ಕೂ, ಸೈಕಲ್ ಇಳಿದು 5 ಕಿ.ಮೀ. ಓಡೋದಕ್ಕೂ ಸಂಬಂಧ ಇಲ್ಲ. ಮೊದಲಿನ ಒಂದು ಕಿ.ಮೀ. ಕಾಲು ಕಟ್ಟಿಗಿ ಆಗಿರ್ತಾವ, ನಿಮ್ಮ ಕಾಲೇ ಅಲ್ಲ ಅನಸ್ತೈತಿ. ವಾರಕ್ಕೊಮ್ಮೆ ಸೈಕಲ್ ಹೊಡದು ಗ್ವಾಡಿಗೆ ಆನಿಸಿ ಹಂಗ 2 ಕಿ.ಮೀ. ಓಡ್ರಿ, ಇದಕ್ಕ ಬ್ರಿಕ್ ಅಂತಾರ. ಸಣ್ಣ ಸಣ್ಣ ಹೆಜ್ಜಿ ಇಡ್ರಿ, ಸಾವಕಾಶ ಶುರು ಮಾಡ್ರಿ, ಕಾಲು ತಾನ ಬಿಡ್ತಾವ.

ನಾಲ್ಕನೇ ಹೆಜ್ಜಿ: ಅಂಗಳದಾಗ ಟ್ರಾನ್ಸಿಷನ್

ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕ ಬದಲಿ ಆಗೋ ಜಾಗಾಕ್ಕ ಟ್ರಾನ್ಸಿಷನ್ ಅಂತಾರ, ಟಿ1, ಟಿ2. ಯಾವ ದಮ್ಮೂ ಖರ್ಚಿಲ್ಲದ ಇಲ್ಲಿ ಎರಡು ನಿಮಿಷ ಉಳಿಸಬಹುದು, ಆದ್ರೂ ಯಾರೂ ಪ್ರಾಕ್ಟೀಸ್ ಮಾಡಂಗಿಲ್ಲ.

ನಮ್ಮನಿ ಅಂಗಳದಾಗ ಹಿಂಗ ಮಾಡ್ತಿದ್ವಿ. ಸೈಕಲ್ ನಿಂದರ್ಸಿ, ಕೆಳಗ ಹಳೇ ಟವೆಲ್ ಹಾಸಿ, ಅದರ ಮ್ಯಾಲ ಬೂಟು ಬಾಯಿ ತೆರೆದು ಇಡೋದು, ಒಳಗ ಒಂಚೂರು ಪೌಡರ್, ಹಸಿ ಕಾಲು ಸರಳ ಹೋಗ್ತೈತಿ. ಹೆಲ್ಮೆಟ್ ಹ್ಯಾಂಡಲ್ ಮ್ಯಾಲ ಬೋರಲು ಅಲ್ಲ, ಅಂಗಾತ, ಪಟ್ಟಿ ಎರಡೂ ಹೊರಗ ಬಿಟ್ಟು, ಒಳಗ ಕನ್ನಡಕ. ಬೂಟಿನ ಲೇಸ್ ತೆಗೆದು ಟೇಲರ್ ಅಂಗಡಿಯಾಗ ಸಿಗೋ ದುಂಡನ ಎಲಾಸ್ಟಿಕ್ ಹಾಕಿದ್ದೆ, ಹತ್ತು ರೂಪಾಯಿಯಾಗ ಕೆಲಸ ಮುಗೀತು. ಆಮ್ಯಾಲ ತಲಿ ಮ್ಯಾಲ ಒಂದು ಬಕೆಟ್ ನೀರು ಸುರ್ಕೊಂಡು ಗೇಟಿನಿಂದ ಓಡಿ ಬರೋದು, ನಮ್ಮ ಮನಿಯಾಕಿ ಮೊಬೈಲ್ ಹಿಡಿದು ಟೈಮ್ ಹೇಳಾಕಿ. ಮೊದಲ ದಿನ 4 ನಿಮಿಷ 10 ಸೆಕೆಂಡ್. ಹದಿನೈದು ದಿನದಾಗ 2 ನಿಮಿಷದ ಒಳಗ ಬಂತು. ಎಲ್ಲಿ ತಡ ಆಗ್ತೈತಿ ಅಂತ ಆಕಿನೇ ಹಿಡಿದ್ಲು, "ನೀವು ಸಾಕ್ಸ್ ಜೋಡಿ ಬಡದಾಡಾಕತ್ತೀರಿ ನೋಡ್ರಿ" ಅಂದ್ಲು, ಸಾಕ್ಸ್ ಬಿಟ್ಟೆ, ಒಂದು ನಿಮಿಷ ಉಳೀತು. ಸಾಕ್ಸ್ ಇಲ್ಲದ ಓಡಿ ಕಾಲಿಗೆ ಮೊದಲೇ ರೂಢಿ ಮಾಡಿಸ್ರಿ, ಇಲ್ಲಾಂದ್ರ ಬೊಬ್ಬಿ ಏಳ್ತಾವ.

ಕ್ರಮ ಕೈಗೆ ಕೂಡಬೇಕು: ಸೈಕಲ್ ಮುಟ್ಟೋಕಿಂತ ಮೊದಲು ಹೆಲ್ಮೆಟ್ ಪಟ್ಟಿ ಬಿಗೀಬೇಕು, ವಾಪಸ್ ಬಂದಾಗ ಸೈಕಲ್ ಸ್ಟ್ಯಾಂಡಿಗೆ ಹಾಕಿದ ಮ್ಯಾಲ ಪಟ್ಟಿ ಬಿಚ್ಚಬೇಕು. ತಪ್ಪಿದ್ರ ದಂಡ. ಒಳಗ ಸೈಕಲ್ ಹತ್ತಂಗಿಲ್ಲ, ದಬ್ಬಿಕೊಂಡು ಗೆರಿ ದಾಟಿ ಹತ್ತಬೇಕು, ಬರುವಾಗ ಗೆರಿಗೆ ಮೊದಲ ಇಳೀಬೇಕು. ನೂರಾರು ಸೈಕಲ್ಲಿನ್ಯಾಗ ನಿಮ್ಮದು ಎಲ್ಲೈತಿ ಅಂತ ನೀರಿನಿಂದ ಬರೋ ದಾರಿಯಿಂದ ಸಾಲು ಎಣಿಸಿ ಇಟ್ಕೊಳ್ರಿ.

ವಾರದ ಲೆಕ್ಕ

ಸೋಮವಾರ ರಜೆ. ಮಂಗಳವಾರ, ಗುರುವಾರ, ಶನಿವಾರ ಈಜು, ಬುಧವಾರ ಓಟ, ಶುಕ್ರವಾರ ಸೈಕಲ್, ರವಿವಾರ ಬ್ರಿಕ್. ನಮ್ಮಾವ್ರು ಚಲೋ ಬರೋದನ್ನೇ ಜಾಸ್ತಿ ಮಾಡ್ತಾರ, ಸೈಕಲ್ ಹೊಡಿಯಾವ ಸೈಕಲ್ಲೇ ಹೊಡೀತಾನ. ಬರಲಾರದ್ದಕ್ಕ ದಿನ ಜಾಸ್ತಿ ಕೊಡ್ರಿ. ಏಪ್ರಿಲ್, ಮೇ ತಿಂಗಳದಾಗ ಏಳೂವರಿ ಒಳಗ ಮನಿ ಸೇರ್ರಿ. ಕೊನೇ ವಾರ ಅರ್ಧ ಮಾಡ್ರಿ ಸಾಕು.

ರೇಸಿನ ದಿನ

ಹಿಂದಿನ ರಾತ್ರಿ ಜೋಳದ ರೊಟ್ಟಿ, ಖಾರಬ್ಯಾಳಿ, ಮೆಣಸಿನಕಾಯಿ ಬ್ಯಾಡ. ದಿನಾ ತಿನ್ನೋದಾದ್ರೂ ಅವತ್ತು ಅನ್ನ, ತಿಳಿಸಾರು, ಮೊಸರು. ಬೆಳಿಗ್ಗೆ ಎರಡು ತಾಸು ಮೊದಲು ಒಂದಿಷ್ಟು ಅವಲಕ್ಕಿ, ಬಾಳಿಹಣ್ಣು. ಸೈಕಲ್ ಬಾಟಲಿಯಾಗ ನೀರು, ನಿಂಬಿಹಣ್ಣು, ಸಕ್ಕರಿ, ಉಪ್ಪು. ಒಂದೂವರಿ ತಾಸಿನ ಕೆಲಸಕ್ಕ ಅಷ್ಟ ಸಾಕು. ಮೈ ಬೆಚ್ಚಗ ಇಡೋ ರಬ್ಬರಿನ ಈಜು ಅಂಗಿ, ಅಂದ್ರ ವೆಟ್‌ಸೂಟಿಗೆ ರೊಕ್ಕ ಹಾಕಬ್ಯಾಡ್ರಿ, ಈ ಆಟದ ಜಾಗತಿಕ ಸಂಸ್ಥೆ ವರ್ಲ್ಡ್ ಟ್ರಯಥ್ಲಾನ್ ನಿಯಮದಾಗ ಹವ್ಯಾಸಿಗಳಿಗೆ ಈ ದೂರಕ್ಕ ನೀರು 22 ಡಿಗ್ರಿ ದಾಟಿದ್ರ ಅದನ್ನ ಹಾಕಂಗಿಲ್ಲ, ನಮ್ಮ ಸೀಮಿ ಕೆರಿ ನೀರು ಬಹುತೇಕ ಅದಕ್ಕಿಂತ ಬೆಚ್ಚಗ ಇರ್ತೈತಿ.

ಇನ್ನ ಈಜಿನ ಶುರು. ನನ್ನ ಮೊದಲ ರೇಸ್ ಮಹಾರಾಷ್ಟ್ರದ ಒಂದು ಕೆರಿಯಾಗ. ಸೀಟಿ ಊದಿದ ಕೂಡ್ಲೇ ಎಲ್ಲಾರೂ ನುಗ್ಗಿದ್ರು, ನಾನೂ ಮುಂದಿನಾವ್ರ ಜೋಡಿ ನುಗ್ಗಿದೆ, ನೀರು ಹಸರು, ಕೈ ಕಾಣವಲ್ದು, ಯಾರದೋ ಹಿಮ್ಮಡಿ ಗಾಗಲ್ಸಿಗೆ ಬಡೀತು, ನೂರು ಮೀಟರ್ ಆಗಿರಲಿಲ್ಲ ಎದಿ ಢವ ಢವ ಅನ್ನಾಕತ್ತಿ ಉಸಿರೇ ಬರವಲ್ದು, ಮೂರು ತಿಂಗಳದ ಗುಳ್ಳಿ ಎಲ್ಲಾ ಮರತು ಹೋತು. ಕೈ ಎತ್ತಿದೆ. ಕಯಾಕ್ ಅನ್ನೋ ಸಣ್ಣ ದೋಣಿ ಬಂತು, ಅದರ ಹಗ್ಗ ಹಿಡ್ಕೊಂಡೆ, ಮುಗೀತು, ಇನ್ನ ದಂಡಿಗೆ ಹೋಗೋದ ಅನ್ಕೊಂಡೆ. ಕಯಾಕಿನ್ಯಾಗಿನ ಹುಡುಗ ಇಪ್ಪತ್ತರ ಆಸುಪಾಸಿನಾವ, "ದಾದಾ, ಘಾಯಿ ನಾಹಿ" ಅಂದ, ಅಣ್ಣಾ ಅವಸರ ಇಲ್ಲ ಅಂತ. ಬೆನ್ನ ಮ್ಯಾಲ ಮಲ್ಕೊಂಡು ಆಕಾಶ ನೋಡು ಅಂತ ಕೈ ಮಾಡಿ ತೋರಿಸಿದ. ಒಂದು ನಿಮಿಷ ತೇಲಿದೆ, ಕಿವಿಯಾಗ ನೀರು, ಸದ್ದೆಲ್ಲಾ ದೂರ ಹೋತು, ಉಸಿರು ತಾನ ಜಾಗಾಕ್ಕ ಬಂತು. ಹಗ್ಗ ಬಿಟ್ಟು ಮುಖ ಮುಳಗಿಸಿ ಗುಳ್ಳಿ ಬಿಟ್ಟೆ, ಒಂದನೇ ಹೆಸರಿನಿಂದ ಮತ್ತ ಹಾಜರಿ ಕರಿಯಾಕ ಶುರು ಮಾಡಿದೆ. ಕಯಾಕ್ ಹಿಡ್ಕೊಂಡು ನಿಲ್ಲಾಕ ನಿಯಮದಾಗ ಅವಕಾಶ ಐತಿ, ಅದನ್ನ ಹಿಡ್ಕೊಂಡು ಮುಂದ ಹೋಗಂಗಿಲ್ಲ ಅಷ್ಟ. ಹೊಸಬರು ಹಿಂದ, ದಂಡಿಗೆ ನಿಲ್ರಿ, ಗದ್ಲ ಮುಂದ ಹೋಗಲಿ, ಹತ್ತು ಸೆಕೆಂಡ್ ತಡದು ಶುರು ಮಾಡ್ರಿ.

ಅವತ್ತು ಈಜಿನ್ಯಾಗ ಹೋದ ಟೈಮ್ ಸೈಕಲ್ಲಿನ್ಯಾಗ ವಸೂಲಿ ಮಾಡಾಕ ಹೋಗಿ ಇನ್ನೊಂದು ತಪ್ಪು ಮಾಡಿದೆ, 20 ಕಿ.ಮೀ. ಭಾರೀ ಗೇರಿನ್ಯಾಗ ಒತ್ತಿ 47 ನಿಮಿಷಕ್ಕ ಮುಗಿಸಿ, ಓಟದ ಮೂರನೇ ಕಿ.ಮೀ.ಗೆ ಮೀನಖಂಡ ಹಿಡ್ಕೊಂತು, ನಡದೆ, 33 ನಿಮಿಷ ಆತು. ಒಟ್ಟು 1 ತಾಸು 47 ನಿಮಿಷ. ಎರಡನೇ ರೇಸಿನ್ಯಾಗ ಮೂರನ್ನೂ ಸಾವಕಾಶ ಶುರು ಮಾಡಿದೆ, ಸೈಕಲ್ಲಿನ ಕೊನೇ 2 ಕಿ.ಮೀ. ಗೇರ್ ಹಗುರ ಮಾಡಿ ಕಾಲಿಗೆ ಉಸಿರಾಡಾಕ ಬಿಟ್ಟೆ. ಸೈಕಲ್ 45 ನಿಮಿಷ, ಓಟ 28, ಒಟ್ಟು 1 ತಾಸು 36 ನಿಮಿಷದ ಒಳಗ. ಹೊಸಾ ಸೈಕಲ್ ಇಲ್ಲ, ಹೊಸಾ ಬೂಟು ಇಲ್ಲ.

ಫಿನಿಶ್ ದಾಟಿದ ಮ್ಯಾಲ ದಪ್ಪನ ಕೂಡಬ್ಯಾಡ್ರಿ, ಹತ್ತು ನಿಮಿಷ ಅಡ್ಡಾಡ್ರಿ, ನೀರು ಗುಟುಕು ಗುಟುಕು ಕುಡೀರಿ. ಟೈಮ್ ಅಳಿಯಾಕ ಕಾಲಿಗೆ ಕಟ್ಟಿದ ಚಿಪ್ ವಾಪಸ್ ಕೊಡ್ರಿ. ಎದಿ ಮ್ಯಾಲಿನ ನಂಬರ್ ಖುಷಿಯಾಗ ಹರಿದು ಒಗೀಬ್ಯಾಡ್ರಿ, ಅದನ್ನ ತೋರಿಸಿದ್ರನ ಒಳಗಿನ ಸೈಕಲ್ ನಿಮ್ಮ ಕೈಗೆ ಕೊಡ್ತಾರ.