ಅಮ್ಮ ಹೋದ ಮೇಲಿನ ಮೊದಲ ನವೆಂಬರ್

ನವೆಂಬರ್ 2 ಹತ್ತಿರ ಬಂತು ಅಂದರೆ ನಮ್ಮ ಕಡೆ ಕ್ರೈಸ್ತರ ಮನೆಗಳಲ್ಲಿ ಸಮಾಧಿಗೆ ಸುಣ್ಣ ಬಳಿಯುವ ಬ್ರಶ್ ಹುಡುಕುವ ಕೆಲಸ ಶುರು. ಸತ್ತವರೆಲ್ಲರನ್ನೂ ನೆನೆಯುವ ದಿನ ಅದು. ಮನೆಯಲ್ಲಿ ಸಾವಾಗಿ ಇನ್ನೂ ವರ್ಷ ತುಂಬಿಲ್ಲ ಅಂದರೆ ಈ ದಿನ ಸುಲಭವಲ್ಲ. ನಮ್ಮ ಅಮ್ಮ ತೀರಿಹೋದದ್ದು ಜುಲೈನಲ್ಲಿ. ನವೆಂಬರ್ ಬಂದಾಗ ಚರ್ಚ್‌ನಲ್ಲಿ ಅಮ್ಮನ ಹೆಸರಿನ ಪೂಜೆ ಯಾವಾಗ ಬರೆಸಬೇಕು, ಸಮಾಧಿಗೆ ಏನು ಒಯ್ಯಬೇಕು ಒಂದೂ ಗೊತ್ತಿರಲಿಲ್ಲ, ಏಕೆಂದರೆ ಅಲ್ಲಿಯವರೆಗೆ ಅದನ್ನೆಲ್ಲ ನೋಡಿಕೊಳ್ಳುತ್ತಿದ್ದವರೇ ಅಮ್ಮ. ಅದಕ್ಕಿಂತ ಜಾಸ್ತಿ ಕಷ್ಟವಾದದ್ದು, "ಪರಲೋಕದಲ್ಲಿ ಮತ್ತೆ ನೋಡ್ತೀವಲ್ಲ, ಬಿಡಮ್ಮ" ಅಂತ ಬಂದವರೆಲ್ಲ ಹೇಳಿಹೋದ ಮಾತನ್ನು ಇಟ್ಟುಕೊಂಡು ಏನು ಮಾಡಬೇಕು ಅನ್ನೋದು. ಆಮೇಲೆ ಒಂದೊಂದಾಗಿ ಕಲಿತದ್ದನ್ನು ಬರೆದಿದ್ದೇನೆ. ನಾವು ಕಥೋಲಿಕರು, ನನ್ನ ಅತ್ತೆ ಮನೆಯವರು ಸಿ.ಎಸ್.ಐ., ಅಂದರೆ ಪ್ರೊಟೆಸ್ಟೆಂಟರು. ಹಾಗಾಗಿ ಎರಡೂ ಕಡೆಯ ಮಾತು ಬರುತ್ತದೆ.

ಮೊದಲು ಅಳುವ ವಿಷಯ. ನಂಬಿಕೆ ಇರುವವರು ಅಳಬಾರದು ಅಂತ ಯಾರೋ ಒಬ್ಬರು ಖಂಡಿತ ಹೇಳುತ್ತಾರೆ. ಕೇಳಬೇಡಿ. ಯೊವಾನ್ನನ ಶುಭಸಂದೇಶದ 11ನೇ ಅಧ್ಯಾಯ ತೆಗೆದು ಓದಿ. ಲಾಜರ ಸತ್ತು ನಾಲ್ಕು ದಿನವಾಗಿದೆ. ಇನ್ನೊಂದು ಗಳಿಗೆಯಲ್ಲಿ ಅವನನ್ನು ಎಬ್ಬಿಸುತ್ತೇನೆ ಅಂತ ಯೇಸುವಿಗೆ ಗೊತ್ತು. ಆದರೂ ಸಮಾಧಿಗೆ ಹೋಗುವ ದಾರಿಯಲ್ಲಿ ಅಳುತ್ತಾರೆ. ಮತ್ತೆ ನೋಡುತ್ತೇನೆ ಅಂತ ಗೊತ್ತಿದ್ದವರೇ ಅತ್ತರು, ಅಲ್ವಾ? ಯೇಸುವಿನ ಸಂದೇಶ ಸಾರಿದ ಪೌಲ ಕೂಡ ಥೆಸಲೋನಿಕ ಊರಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ದುಃಖಪಡಲೇಬೇಡಿ ಅನ್ನಲಿಲ್ಲ. ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂದ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಆ ಪತ್ರವನ್ನು ಸ್ವಲ್ಪ ನಿಧಾನವಾಗಿ ನೋಡಿ. ಮೊದಲನೇ ಪತ್ರ, 4ನೇ ಅಧ್ಯಾಯ, 13ರಿಂದ 18ನೇ ವಚನ. ಆರೇ ವಚನ. ಹೊಸ ಒಡಂಬಡಿಕೆಯಲ್ಲೇ ತುಂಬಾ ಹಳೆಯ ಬರಹಗಳಲ್ಲಿ ಇದೂ ಒಂದು, ಕ್ರಿ.ಶ. 50ರ ಆಸುಪಾಸಿನದು. ಯೇಸು ಬೇಗ ಮರಳಿ ಬರುತ್ತಾರೆ ಅಂತ ಆ ಊರಿನವರು ಕಾಯುತ್ತಿದ್ದರು, ಅಷ್ಟರಲ್ಲಿ ತಮ್ಮವರು ಕೆಲವರು ತೀರಿಹೋದರು, ಹಾಗಾದರೆ ಅವರಿಗೆ ಆ ದಿನ ತಪ್ಪಿಹೋಯಿತಾ ಅನ್ನೋ ಚಿಂತೆ ಹತ್ತಿಕೊಂಡಿತ್ತು. ಇಲ್ಲ, ಅವರೇ ಮೊದಲು ಏಳುತ್ತಾರೆ, ಆಮೇಲೆ ನಾವು "ಅವರ ಜೊತೆಯಲ್ಲಿ" ಪ್ರಭುವಿನ ಬಳಿ ಇರುತ್ತೇವೆ ಅನ್ನೋದು ಪೌಲನ ಉತ್ತರ. ಈ ಎರಡು ಪದಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿಟ್ಟುಕೊಳ್ಳಿ. ಅಮ್ಮನನ್ನು ನೋಡುತ್ತೇನೆ ಅನ್ನೋದು ಬರೀ ನಮ್ಮ ಆಸೆ ಅಂತ ಅನ್ನಿಸಿದ ರಾತ್ರಿಗಳಲ್ಲಿ ನನಗೆ ಕೈಗೆ ಸಿಕ್ಕಿದ್ದು ಇವೇ.

ಅಲ್ಲಿ ಗುರುತು ಸಿಗುತ್ತದಾ? ಇದು ಎಲ್ಲರ ಪ್ರಶ್ನೆ, ಮಕ್ಕಳದ್ದಂತೂ ಮೊದಲ ಪ್ರಶ್ನೆ. ನನ್ನ ಮಗಳು "ಅಜ್ಜಿಗೆ ಅಲ್ಲೂ ಮಂಡಿ ನೋವು ಇರುತ್ತಾ" ಅಂತ ಕೇಳಿದಳು. ಅಜ್ಜಿ ನಕ್ಷತ್ರ ಆದರು, ದೇವದೂತೆ ಆದರು ಅಂತ ಸುಮ್ನೆ ಹೇಳಬೇಡಿ. ನಮ್ಮ ಕ್ರೈಸ್ತ ಸಭೆ ಹಾಗೆ ಕಲಿಸುವುದಿಲ್ಲ. ಭಾನುವಾರ ಹೇಳುವ ವಿಶ್ವಾಸ ಪ್ರಮಾಣದಲ್ಲಿ ನಾವು ಹೇಳುವುದು ಸತ್ತವರು ಏಳುತ್ತಾರೆ ಅಂತ. ಅಂದರೆ ಅಜ್ಜಿ ಅಜ್ಜಿಯಾಗಿಯೇ, ನೋವಿಲ್ಲದ ಹೊಸ ದೇಹದಲ್ಲಿ. ಪೌಲ ಇದಕ್ಕೆ ಬೀಜದ ಮಾತು ಕೊಟ್ಟ: ಬಿತ್ತುವುದು ಕಾಳು, ಮೇಲೆ ಬರುವುದು ಪೈರು, ಆದರೂ ರಾಗಿ ಹಾಕಿದರೆ ಭತ್ತ ಬರುವುದಿಲ್ಲ. ರಾಗಿ ನಾನು ಸೇರಿಸಿದ್ದು. ಇನ್ನು ಮಗ್ದಲದ ಮರಿಯಳ ಕಥೆ. ಎದ್ದುಬಂದ ಯೇಸು ಎದುರಿಗೇ ನಿಂತಿದ್ದರೂ ಅವಳು ತೋಟದವನು ಅಂದುಕೊಂಡಳು. "ಮರಿಯಾ" ಅಂತ ಹೆಸರು ಹಿಡಿದು ಕರೆದಾಗ ಮಾತ್ರ ಗೊತ್ತಾಯಿತು. ಮಗಳಿಗೆ ಇದನ್ನೇ ಹೇಳಿದೆ. ಅಜ್ಜಿ ಅವಳನ್ನು ಕರೆಯುತ್ತಿದ್ದ ಅಡ್ಡಹೆಸರು ಒಂದಿತ್ತು, ಬೇರೆ ಯಾರೂ ಕರೆಯುವುದಿಲ್ಲ. "ಹಾಗಾದ್ರೆ ಸರಿ" ಅಂದು ಆಡಲು ಹೋದಳು.

ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಿಗೆ ಮತ್ತಾಯನ ಶುಭಸಂದೇಶದ 22ನೇ ಅಧ್ಯಾಯ ಚುಚ್ಚುತ್ತದೆ. ಪುನರುತ್ಥಾನದಲ್ಲಿ ಮದುವೆ ಮಾಡಿಕೊಳ್ಳುವುದು, ಮಾಡಿಕೊಡುವುದು ಇಲ್ಲ ಅಂತ ಯೇಸುವೇ ಹೇಳುತ್ತಾರೆ. ಆದರೆ ಅದು ಏಳು ಜನ ಅಣ್ಣತಮ್ಮಂದಿರು ಒಬ್ಬಳನ್ನೇ ಒಬ್ಬರಾದ ಮೇಲೊಬ್ಬರು ಮದುವೆಯಾದ ಕೊಂಕು ಪ್ರಶ್ನೆಗೆ ಕೊಟ್ಟ ಉತ್ತರ. ಅಲ್ಲಿ ಸಂಸಾರ ಇಲ್ಲಿನ ಹಾಗೆ ಮುಂದುವರಿಯುವುದಿಲ್ಲ ಅಂದರು, ಪ್ರೀತಿ ಅಳಿಸಿಹೋಗುತ್ತದೆ ಅಂತ ಎಲ್ಲೂ ಅನ್ನಲಿಲ್ಲ. ನಾನಂತೂ ಹಾಗೇ ಓದಿಕೊಳ್ಳುತ್ತೇನೆ.

ಈಗ ಕೈ ಕೆಲಸಕ್ಕೆ ಬರೋಣ.

ಹೆಸರು ಬರೆಸುವುದು ಅಕ್ಟೋಬರ್ ಕೊನೆಯಲ್ಲೇ ಆಗಲಿ. ತುಂಬಾ ಚರ್ಚ್‌ಗಳಲ್ಲಿ ಸತ್ತವರ ಹೆಸರಿನ ಪಟ್ಟಿ ತೆಗೆದುಕೊಂಡು ನವೆಂಬರ್ ಇಡೀ ಪೂಜೆಯಲ್ಲಿ ಅವರಿಗಾಗಿ ಪ್ರಾರ್ಥಿಸುತ್ತಾರೆ. ದೊಡ್ಡ ಅಕ್ಷರದಲ್ಲಿ, ಬಿಡಿಸಿ ಬರೆಯಿರಿ. ಮೊದಲ ಸಲ ನಾನು ಗೀಚಿಕೊಟ್ಟದ್ದರಿಂದ ಅಮ್ಮನ ಹೆಸರನ್ನು ಗಂಡಸಿನ ಹೆಸರಾಗಿ ಓದಿದರು. ಅಪ್ಪ ಪೂಜೆಯ ನಡುವೆಯೇ ತಿರುಗಿ ನನ್ನನ್ನು ನೋಡಿದರು. ತಿಂಗಳ ಪೂಜೆ, ವರ್ಷದ ಪೂಜೆಗೂ ತಾರೀಖು ಆಗಲೇ ಹಿಡಿದುಬಿಡಿ.

ಸಮಾಧಿ ತೊಳೆಯಲು 2ರಂದೇ ಹೋಗಬೇಡಿ. ಬೆಂಗಳೂರಿನ ಹೊಸೂರು ರಸ್ತೆ, ಕಲ್ಪಳ್ಳಿಯಂಥ ಕಡೆಯ ಸ್ಮಶಾನಗಳಲ್ಲಿ ಆ ದಿನ ಕಾಲಿಡಲು ಜಾಗ ಇರುವುದಿಲ್ಲ, ನೀರಿಗಂತೂ ಸಾಲು. ಎರಡು ಮೂರು ದಿನ ಮೊದಲೇ ಹೋಗಿ. ತೆಂಗಿನ ನಾರು, ಒಂದು ಬಕೆಟ್, ತಂಬಿಗೆ, ಹಳೇ ಹಲ್ಲುಜ್ಜುವ ಬ್ರಶ್ ಸಾಕು. ಕಲ್ಲಿನ ಮೇಲೆ ಕೊರೆದ ಅಕ್ಷರದೊಳಗೆ ಪಾಚಿ ಕೂತಿರುತ್ತದೆ, ಅದಕ್ಕೆ ಆ ಹಲ್ಲುಜ್ಜುವ ಬ್ರಶ್ಶೇ ಸರಿ. ನಾನು ಅಮ್ಮನ ಹೆಸರಿನ ಒಂದೊಂದು ಅಕ್ಷರವನ್ನೂ ಹಾಗೆ ಉಜ್ಜಿದೆ. ಒತ್ತಿನೊಳಗೆ ಸಿಕ್ಕಿಕೊಂಡ ಮಣ್ಣು ಬಿಡಲೇ ಇಲ್ಲ, ಕೊನೆಗೆ ತಲೆಪಿನ್ನು ತೆಗೆದು ಕೆರೆದೆ. ಮೂರು ತಿಂಗಳಲ್ಲಿ ಅಷ್ಟು ಹೊತ್ತು ಅಮ್ಮನ ಹೆಸರನ್ನು ನೆಟ್ಟಗೆ ನೋಡಿದ್ದು ಅವತ್ತೇ.

ಮೇಣದಬತ್ತಿ ಗಾಳಿಗೆ ನಿಲ್ಲುವುದಿಲ್ಲ. ನವೆಂಬರ್ ಅಂದರೆ ಜಿಟಿಜಿಟಿ ಮಳೆ ಬೇರೆ. ಖಾಲಿ ಉಪ್ಪಿನಕಾಯಿ ಗಾಜಿನ ಬಾಟಲಿಯಲ್ಲಿ ಎರಡು ಬೆರಳು ಮರಳು ತುಂಬಿ, ಗಿಡ್ಡ ಬತ್ತಿಯನ್ನು ಅದರೊಳಗೆ ನಿಲ್ಲಿಸಿ. ಹೂವು ಸೇವಂತಿಗೆಯೇ ಆಗಲಿ, ಎರಡು ದಿನ ಬಾಡುವುದಿಲ್ಲ.

ಅಲ್ಲಿ ನಿಂತು ಏನು ಹೇಳಬೇಕು? ಗುರುಗಳು ಬಂದು ಸಮಾಧಿಗಳ ಮೇಲೆ ತೀರ್ಥ ಚಿಮುಕಿಸಿಕೊಂಡು ಹೋಗುತ್ತಾರೆ, ಅದು ಮುಗಿದ ಮೇಲೆ ಮನೆಯವರು ಹಾಗೇ ಚದುರಿಹೋಗಬೇಡಿ. ಪೌಲನ ಪತ್ರದ ಆ ಆರು ವಚನ ಒಬ್ಬರು ಜೋರಾಗಿ ಓದಲಿ. ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ. ನವೆಂಬರ್ 1ರಿಂದ 8ರವರೆಗೆ ಸಮಾಧಿಗೆ ಹೋಗಿ ಸತ್ತವರಿಗಾಗಿ ಪ್ರಾರ್ಥಿಸುವುದಕ್ಕೆ ಕಥೋಲಿಕ ಸಭೆ ವಿಶೇಷ ಕೃಪೆಯನ್ನೇ ಇಟ್ಟಿದೆ, ಹಾಗಾಗಿ 2ರಂದು ರಜೆ ಸಿಗದವರು ಬೇಜಾರು ಮಾಡಿಕೊಳ್ಳಬೇಕಿಲ್ಲ.

ಮನೆಯಲ್ಲಿ ಎರಡು ಸಭೆಯವರಿದ್ದರೆ ಇಲ್ಲೊಂದು ತೊಡಕು. ಸತ್ತವರಿಗಾಗಿ ಪ್ರಾರ್ಥಿಸುವುದಕ್ಕೆ ನಾವು ಮಕ್ಕಬಿಯರ ಎರಡನೇ ಗ್ರಂಥದ 12ನೇ ಅಧ್ಯಾಯ ತೋರಿಸುತ್ತೇವೆ. ಅತ್ತೆಯವರ ಬೈಬಲ್‌ನಲ್ಲಿ ಆ ಗ್ರಂಥವೇ ಇಲ್ಲ. ಮೊದಲ ವರ್ಷ ನಾವು ಮಣಿ ಎಣಿಸುತ್ತಾ ಜಪಸರ ಹೇಳುವಾಗ ಅತ್ತೆ ದೂರ ನಿಂತಿದ್ದರು. ಈಗ ಒಂದು ಒಪ್ಪಂದ ಆಗಿದೆ: ಮೊದಲು ಅತ್ತೆ ಅಮ್ಮನ ಬದುಕಿಗಾಗಿ ದೇವರಿಗೆ ಸ್ತೋತ್ರ ಹೇಳುತ್ತಾರೆ, ಆಮೇಲೆ ನಮ್ಮ ಜಪಸರ. ಮತ್ತೆ ನೋಡುತ್ತೇವೆ ಅನ್ನೋದರಲ್ಲಿ ಇಬ್ಬರಿಗೂ ಜಗಳ ಇಲ್ಲ.

ಸುಟ್ಟರೆ ಹೇಗೆ ಏಳುತ್ತಾರೆ ಅಂತ ಕೇಳುವವರೂ ಇದ್ದಾರೆ. ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳಿಗೆ ಬೇರೆ ದಾರಿಯೇ ಇರಲಿಲ್ಲ. ಕಥೋಲಿಕ ಸಭೆ 1963ರಲ್ಲೇ ದಹನಕ್ಕೆ ಒಪ್ಪಿಗೆ ಕೊಟ್ಟಿದೆ. ಬೂದಿಯನ್ನು ಚೆಲ್ಲದೆ, ನೀರಿಗೆ ಬಿಡದೆ ಸಮಾಧಿ ಸ್ಥಳದಲ್ಲೋ ಚರ್ಚ್‌ನಲ್ಲೋ ಇಡಬೇಕು ಅಂತ 2016ರಲ್ಲಿ ವ್ಯಾಟಿಕನ್ ಹೇಳಿತು. ಮಣ್ಣಾದ ದೇಹವನ್ನು ಎಬ್ಬಿಸುವ ದೇವರಿಗೆ ಬೂದಿ ಕಷ್ಟವೇನಲ್ಲ.

ಜ್ಞಾನಸ್ನಾನ ಆಗುವ ಮೊದಲೇ ಮಗು ಹೋಯಿತು, ಇಲ್ಲ ತೀರಿಹೋದವರು ಕ್ರೈಸ್ತರಲ್ಲ, ಆಗ ಏನು? ಮಗುವಿನ ವಿಷಯದಲ್ಲಿ ವ್ಯಾಟಿಕನ್‌ನ ದೈವಶಾಸ್ತ್ರ ಮಂಡಳಿ 2007ರಲ್ಲಿ ಒಂದು ಬರಹವನ್ನೇ ಹೊರತಂದಿತು, ರಕ್ಷಣೆ ಸಿಗುತ್ತದೆ ಅಂತ ನಿರೀಕ್ಷಿಸಲು ಬಲವಾದ ಕಾರಣಗಳಿವೆ ಅಂತ. ಅಂಥ ಮಗುವಿಗೆ ಸ್ವರ್ಗವಿಲ್ಲ ಅಂತ ಹಳೇ ಕಾಲದ ಅಜ್ಜಿಯರು ಹೇಳಿ ಹೆದರಿಸಿದ್ದನ್ನು ಹೊತ್ತುಕೊಂಡು ತಿರುಗಬೇಡಿ. ಇನ್ನು ಪೂಜೆಗೆ ಗುರುಗಳು ಆರಿಸಿಕೊಳ್ಳುವ ಪ್ರಧಾನ ಪ್ರಾರ್ಥನೆಗಳಲ್ಲಿ ನಾಲ್ಕನೆಯದರಲ್ಲಿ, ಯಾರ ವಿಶ್ವಾಸ ದೇವರೊಬ್ಬರಿಗೇ ಗೊತ್ತೋ ಅಂಥ ಸತ್ತವರೆಲ್ಲರನ್ನೂ ನೆನೆಯುತ್ತಾರೆ. ನಮ್ಮ ಪಕ್ಕದ ಮನೆಯ ಸಾವಿತ್ರಕ್ಕ ಅಮ್ಮನ ಜೀವದ ಗೆಳತಿ. ಅವರು ಹೋದಾಗ ನಾನು ಆ ಸಾಲಿನ ಹೊತ್ತಿಗೆ ಅವರನ್ನು ಸೇರಿಸಿಕೊಂಡೆ.

ಒಂದನ್ನು ಮಾತ್ರ ಮಾಡಬೇಡಿ. ಸತ್ತವರ ಜೊತೆ ಮಾತಾಡಿಸಿಕೊಡುತ್ತೇನೆ ಅಂತ ಬರುವವರನ್ನು ಮನೆಯೊಳಗೆ ಸೇರಿಸಬೇಡಿ. ಬೈಬಲ್ ಅದನ್ನು ನೇರವಾಗಿ ಬೇಡ ಅನ್ನುತ್ತದೆ. ನಾವು ಕಾಯುತ್ತಿರುವವರು, ಕರೆಸಿಕೊಳ್ಳುವವರಲ್ಲ. ಬೈಬಲ್‌ನಲ್ಲಿ ತನ್ನ ಕೂಸು ಸತ್ತಾಗ ದಾವೀದ ರಾಜ ಹೇಳಿದ್ದೂ ಅದೇ, ನಾನು ಅವನ ಹತ್ತಿರ ಹೋಗುತ್ತೇನೆ, ಅವನು ನನ್ನ ಹತ್ತಿರ ಬರುವುದಿಲ್ಲ ಅಂತ.

ಸಂಜೆ ಕತ್ತಲಾಗುವ ಮೊದಲು ಹೊರಡಿ, ಬತ್ತಿ ಉರಿಯುತ್ತಿರಲಿ. ಬರುವಾಗ ತಂಬಿಗೆ ಮರೆಯಬೇಡಿ. ನಾವು ಪ್ರತಿ ವರ್ಷ ಅಮ್ಮನ ತಲೆದೆಸೆಯಲ್ಲೇ ಬಿಟ್ಟು ಬರುತ್ತೇವೆ, ಗೇಟಿನವರೆಗೆ ಬಂದ ಮೇಲೆ ಅಪ್ಪ "ಅವಳಿದ್ದಿದ್ರೆ ಬೈತಿದ್ಲು" ಅಂತ ತಾವೇ ವಾಪಸ್ ಹೋಗುತ್ತಾರೆ, ಬರುವುದು ಸ್ವಲ್ಪ ತಡವಾಗುತ್ತದೆ.