ಡೈ ಒಳಗೆ ಕೈ ಯಾಕೆ ಹೋಗುತ್ತದೆ? ಪ್ರೆಸ್ ಶಾಪಿನ ಅಪಘಾತವನ್ನು ಬುಡದಿಂದ ಹಿಡಿಯುವ ಬಗೆ

ಪೀಣ್ಯವಾಗಲಿ, ಬೆಳಗಾವಿಯ ಉದ್ಯಮಬಾಗವಾಗಲಿ, ಲೋಹದ ಶೀಟನ್ನು ಒತ್ತಿ ಪೀಸು ಮಾಡುವ ಸಣ್ಣ ಪ್ರೆಸ್ ಶಾಪಿನಲ್ಲಿ ಬೆರಳು ತುಂಡಾದಾಗ ರಿಜಿಸ್ಟರಿನಲ್ಲಿ ಬರೆಯುವ ಕಾರಣ ಬಹುಮಟ್ಟಿಗೆ ಒಂದೇ: ‘ಆಪರೇಟರ್ ಅಜಾಗರೂಕತೆ’. ಗೋಡೆಗೆ ಹೊಸ ಬೋರ್ಡು ಬರುತ್ತದೆ, ಅರ್ಧ ದಿನ ಟ್ರೈನಿಂಗ್ ಆಗುತ್ತದೆ, ಅದೇ ಪ್ರೆಸ್ಸಿನ ಮುಂದೆ ಇನ್ನೊಬ್ಬ ಹುಡುಗ ಬಂದು ಕೂರುತ್ತಾನೆ.

ಒಂದು ಲೆಕ್ಕ ಹಾಕಿ. ಗಂಟೆಗೆ 800 ಪೀಸು ಕೈಯಲ್ಲೇ ಇಟ್ಟು ಕೈಯಲ್ಲೇ ತೆಗೆಯುವ ಕೆಲಸ. 8 ಗಂಟೆಗೆ 6,400 ಸಲ, 26 ದಿನಕ್ಕೆ 1,66,400 ಸಲ ಕೈ ಡೈ (ಶೀಟಿಗೆ ಆಕಾರ ಕೊಡುವ ಅಚ್ಚು) ಒಳಗೆ ಹೋಗಿ ಬರುತ್ತದೆ. ಲಕ್ಷಕ್ಕೊಮ್ಮೆ ಮಾತ್ರ ಗಮನ ತಪ್ಪುವವನು ಸಿಕ್ಕರೂ ಅವನ ಸರದಿ ತಿಂಗಳೊಳಗೇ ಬರುತ್ತದೆ. ‘ಎಚ್ಚರಿಕೆ’ ಎಂಬ ಬೋರ್ಡಿಗೆ ಈ ಲೆಕ್ಕವನ್ನು ಬದಲಿಸುವ ಶಕ್ತಿಯಿಲ್ಲ. ಬದಲಿಸಬೇಕಾದ್ದು 1,66,400 ಎಂಬ ಸಂಖ್ಯೆಯನ್ನೇ. ಸಿಸ್ಟಮ್ಸ್ ಥಿಂಕಿಂಗ್ ಎಂದು ದೊಡ್ಡ ಹೆಸರಿರುವ ವಿಧಾನ ಇಲ್ಲಿ ಮಾಡುವ ಕೆಲಸ ಇಷ್ಟೇ: ಕೈಯನ್ನು ಒಳಗೆ ಕರೆಯುತ್ತಿರುವುದು ಏನು, ಅದರ ಹಿಂದೆ ಏನಿದೆ ಎಂದು ಮೆಷಿನ್ ದಾಟಿ, ಸ್ಟೋರ್ಸ್ ದಾಟಿ, ಆಫೀಸಿನ ಮೇಜಿನವರೆಗೂ ಹಿಡಿದುಕೊಂಡು ಹೋಗುವುದು.

ಮೊದಲು ಎಣಿಸಿ

ಇಡೀ ಶಾಪ್ ಬೇಡ; ಒಂದು ಪ್ರೆಸ್, ಒಂದು ಡೈ ಆರಿಸಿಕೊಳ್ಳಿ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಬೆರಳು ಪಂಚ್ (ಮೇಲಿನಿಂದ ಡೈಗೆ ಇಳಿದು ಶೀಟನ್ನು ಕತ್ತರಿಸುವ ಟೂಲ್) ಕೆಳಗೆ ಹೋದಾಗಲೆಲ್ಲ ಹಾಳೆಯ ಮೇಲೆ ಒಂದು ಗೆರೆ ಎಳೆಯಿರಿ. ಕಾರಣಕ್ಕೊಂದು ಸಾಲು: ಪೀಸ್ ಇಡಲು, ತೆಗೆಯಲು, ಅಂಟಿಕೊಂಡದ್ದನ್ನು ಬಿಡಿಸಲು, ಸ್ಕ್ರ್ಯಾಪ್ ಗುಡಿಸಲು, ಎಣ್ಣೆ ಸವರಲು, ಪೀಸಿನ ಜಾಗ ಗೊತ್ತುಮಾಡುವ ಲೊಕೇಟರ್ ಪಿನ್ನಿಗೆ ಕೂರದ ಪೀಸನ್ನು ಒತ್ತಲು. ಶಿಫ್ಟಿನ ಮೊದಲ ಗಂಟೆ, ಊಟವಾದ ಮೇಲಿನ ಗಂಟೆ, ಕೊನೆಯ ಗಂಟೆ, ಹೀಗೆ ಮೂರು ಸಲ ಎಣಿಸಿ. ಸ್ಟಾಪ್‌ವಾಚ್ ಮಾತ್ರ ಹಿಡಿಯಬೇಡಿ. ಪೀಸ್ ರೇಟ್ (ಪೀಸಿಗಿಷ್ಟು ಎಂಬ ಕೂಲಿ) ಇಳಿಸಲು ಬಂದಿದ್ದಾರೆ ಎಂಬ ಅನುಮಾನ ಬಂದರೆ ಆಪರೇಟರ್ ಆ ಹೊತ್ತಿಗೆ ಬೇರೆಯೇ ರೀತಿ ಕೆಲಸ ಮಾಡುತ್ತಾನೆ, ಎಣಿಕೆ ಕೆಡುತ್ತದೆ.

ಕೇಳುವ ರೀತಿಯೂ ಮುಖ್ಯ. ‘ಯಾಕಪ್ಪಾ ಕೈ ಹಾಕ್ತೀಯ?’ ಎಂದರೆ ‘ಇನ್ಮೇಲೆ ಹಾಕಲ್ಲ ಸಾರ್’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ‘ಪೀಸು ಯಾವಾಗ ಜಾಸ್ತಿ ಅಂಟ್ಕೊಳ್ಳುತ್ತೆ?’ ಎಂದು ಕೇಳಿ. ಡೈ ಬಗ್ಗೆ ಟೂಲ್ ರೂಮಿಗೂ ಗೊತ್ತಿಲ್ಲದ ಸಂಗತಿ ಆಗ ಹೊರಬರುತ್ತದೆ.

ಒಂದು ಸಾಲನ್ನು ಬೆನ್ನು ಹತ್ತಿ

‘ಅಂಟಿಕೊಂಡದ್ದನ್ನು ಬಿಡಿಸಲು’ ಎಂಬ ಸಾಲಿನಲ್ಲಿ ಗೆರೆಗಳು ಕಮ್ಮಿಯಿರಬಹುದು, ಆದರೆ ಅಪಾಯ ಹೆಚ್ಚು. ಲಯ ತಪ್ಪುವುದು ಅಲ್ಲೇ: ಕಾಲು ಪೆಡಲ್ ಮೇಲೇ ಇರುತ್ತದೆ, ಕೈ ಒಳಗಿರುತ್ತದೆ. ಪೀಸು ಏಕೆ ಅಂಟುತ್ತದೆ? ಪೀಸನ್ನು ಹೊರಗೆ ಹಾರಿಸುವ ಏರ್ ಬ್ಲೋ ಸಾಕಷ್ಟು ಬಲವಾಗಿ ಊದುತ್ತಿಲ್ಲ. ಅದು ಏಕೆ? ಒಂದೇ ಕಂಪ್ರೆಸರ್ ಲೈನಿನಲ್ಲಿ ಪೇಂಟ್ ಬೂತಿನ ಗನ್ ಕೂಡ ಇದೆ. ಅವರು ಸ್ಪ್ರೇ ಶುರು ಮಾಡಿದ ತಕ್ಷಣ ಇಲ್ಲಿ ಪ್ರೆಷರ್ ಬೀಳುತ್ತದೆ. ಇನ್ನೊಂದು ಕವಲು: ಪಂಚ್ ಅಂಚು ಮೊಂಡಾಗಿ ಬರ್ (ಪೀಸಿನ ಅಂಚಿನಲ್ಲಿ ಏಳುವ ಚೂಪು ಮುಳ್ಳು) ಬರುತ್ತಿದೆ, ಬರ್ ಇರುವ ಪೀಸು ಡೈಗೆ ಕಚ್ಚುತ್ತದೆ. ಸಾಣೆ ಹಿಡಿಯಲು ಡೈ ಇಳಿಸಬೇಕು, ಇಳಿಸಿದರೆ ಡಿಸ್ಪ್ಯಾಚ್ ತಪ್ಪುತ್ತದೆ. ಅಂದರೆ ಬೆರಳಿನ ಅಪಾಯ ಪೇಂಟ್ ಬೂತಿನಲ್ಲೂ ಇದೆ, ಗಿರಾಕಿಗೆ ಒಪ್ಪಿಕೊಂಡ ತಾರೀಕಿನಲ್ಲೂ ಇದೆ.

ಇದನ್ನು ದೊಡ್ಡ ಹಾಳೆಯ ಮೇಲೆ ಬಾಣಗಳಲ್ಲಿ ಬರೆಯಿರಿ. ಆಪರೇಟರ್, ಡೈ ಸೆಟ್ಟರ್, ಮೇಂಟೆನೆನ್ಸ್ ಫಿಟ್ಟರ್, ಸೂಪರ್‌ವೈಸರ್, ಆರ್ಡರ್ ಒಪ್ಪಿಕೊಳ್ಳುವವರು, ಈ ಐವರೂ ಮೇಜಿನ ಸುತ್ತ ಇರಲಿ. ಐದನೆಯವರನ್ನು ಬಿಟ್ಟರೆ ಚಿತ್ರ ಅರ್ಧವೇ. ಬಾಣ ಸುತ್ತಿ ಬಂದು ಹೊರಟಲ್ಲಿಗೇ ಸೇರುತ್ತದೆಯೇ ನೋಡಿ. ಸಾಣೆ ಮುಂದೂಡಿದರೆ ಬರ್ ಹೆಚ್ಚು, ಬರ್ ಹೆಚ್ಚಿದರೆ ಜಾಮ್ ಹೆಚ್ಚು, ಜಾಮ್ ಹೆಚ್ಚಿದರೆ ಔಟ್‌ಪುಟ್ ಕಮ್ಮಿ, ಔಟ್‌ಪುಟ್ ಕಮ್ಮಿಯಾದರೆ ಸಾಣೆಗೆ ಇನ್ನೂ ಸಮಯವಿಲ್ಲ. ಇಂಥ ಸುತ್ತು ತಾನಾಗಿ ನಿಲ್ಲುವುದಿಲ್ಲ, ಎಲ್ಲೋ ಒಂದು ಕಡೆ ಕತ್ತರಿಸಬೇಕು. ಇಲ್ಲಿ ಅಗ್ಗದ ಕತ್ತರಿ ಎಂದರೆ ‘ಇಷ್ಟು ಸಾವಿರ ಹೊಡೆತಕ್ಕೆ ಡೈ ಇಳಿಯಲೇಬೇಕು’ ಎಂದು ಕೌಂಟರಿಗೆ ಕಟ್ಟಿದ ನಿಯಮ, ಜೊತೆಗೆ ಒಂದು ಸ್ಪೇರ್ ಪಂಚ್. ಎಷ್ಟು ಸಾವಿರ ಎಂಬುದನ್ನು ಬರ್ ಯಾವಾಗ ಏಳುತ್ತದೆಂದು ಅಳೆದು ನೀವೇ ಗೊತ್ತುಮಾಡಿಕೊಳ್ಳಬೇಕು. ಶೀಟಿನ ದಪ್ಪ, ಡೈ ಸ್ಟೀಲು ನೋಡಿ ಅದು ಬದಲಾಗುತ್ತದೆ. ಏರ್ ಬ್ಲೋಗೆ ಗಾಳಿ ತುಂಬಿಡುವ ಪುಟ್ಟದೊಂದು ರಿಸೀವರ್ ಟ್ಯಾಂಕನ್ನು, ಗಾಳಿ ಹಿಂದಕ್ಕೆ ಹೋಗಗೊಡದ ನಾನ್-ರಿಟರ್ನ್ ವಾಲ್ವ್ ಸಮೇತ ಪ್ರೆಸ್ ಹತ್ತಿರವೇ ಕೂರಿಸಿದರೆ ಪೇಂಟ್ ಬೂತಿನ ಕಾಟ ತಪ್ಪುತ್ತದೆ.

ಗಾರ್ಡ್ (ಕೈ ಒಳಗೆ ಹೋಗದಂತೆ ತಡೆಯುವ ಕವಚ) ಕಳಚಿಡುವುದರ ಸುತ್ತು ಇನ್ನೂ ಮೋಸದ್ದು. ಇವತ್ತು ಕಳಚಿದರು, ಏನೂ ಆಗಲಿಲ್ಲ, ನೂರು ಪೀಸು ಹೆಚ್ಚು ಬಂತು. ನಾಳೆಯೂ ಏನೂ ಆಗುವುದಿಲ್ಲ. ಲಾಭ ಅದೇ ಸಂಜೆ ಕಾಣುತ್ತದೆ, ನಷ್ಟ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಈ ತಡದಿಂದಾಗಿಯೇ ಕಳಚಿಟ್ಟ ಗಾರ್ಡು ಮೂಲೆಯಲ್ಲಿ ಧೂಳು ಹಿಡಿಯುತ್ತದೆ. ಅದು ಮೂಲೆಯಲ್ಲಿ ಕಂಡರೆ ಬೈಯುವ ಮುನ್ನ, ಅದನ್ನು ಹಾಕಿಕೊಂಡು ನೀವೇ ಇಪ್ಪತ್ತು ಪೀಸು ಹೊಡೆದು ನೋಡಿ. ಪೀಸು ಹಾಕಲು ಬಾರದ ಗಾರ್ಡನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಮೆಷಿನ್ನಿನ ಒಳಗುಟ್ಟು

ನಮ್ಮ ಸಣ್ಣ ಶಾಪುಗಳಲ್ಲಿ ಕೀ ಕ್ಲಚ್ ಪ್ರೆಸ್ಸುಗಳು ಬೇಕಾದಷ್ಟಿವೆ. ಅದರಲ್ಲಿ ತಿರುಗುವ ಫ್ಲೈವೀಲ್ (ಭಾರದ ಚಕ್ರ) ಮತ್ತು ಶಾಫ್ಟನ್ನು ಜೋಡಿಸುವುದು ಒಂದು ಕೀ; ಅದು ಒಮ್ಮೆ ಕೂತರೆ ಸುತ್ತು ಪೂರ್ತಿಯಾಗುವವರೆಗೆ, ಪಂಚ್ ಹೊತ್ತು ಇಳಿಯುವ ರ‍್ಯಾಮ್ ನಿಲ್ಲುವುದಿಲ್ಲ. ಹಾಗಾಗಿ ಇಂಥ ಪ್ರೆಸ್ಸಿಗೆ ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುವ ಬೆಳಕಿನ ಪರದೆ) ಹಾಕಿಸುವುದು ದುಡ್ಡು ದಂಡ, ಜೊತೆಗೆ ಸುಳ್ಳು ಧೈರ್ಯ: ಕಿರಣ ಕತ್ತರಿಸಿದರೂ ರ‍್ಯಾಮ್ ಇಳಿದೇ ಇಳಿಯುತ್ತದೆ. ಎರಡೂ ಕೈಯಲ್ಲಿ ಒತ್ತಿದರಷ್ಟೇ ಪ್ರೆಸ್ ಹೊಡೆಯುವ ‘ಎರಡು ಕೈ ಬಟನ್’ ಕೂಡ ಅಷ್ಟು ಸುಲಭವಲ್ಲ. ಫ್ಲೈವೀಲ್ ನಿಮಿಷಕ್ಕೆ 60 ಸುತ್ತು, ಕೀ ಕೂರುವ ಜಾಗ ಒಂದೇ ಎಂದಿಟ್ಟುಕೊಳ್ಳಿ. ಬಟನ್ ಒತ್ತಿದ ಮೇಲೆ ಕೀ ಕೂರಲು ಕೆಟ್ಟ ಪಕ್ಷ 1 ಸೆಕೆಂಡ್, ರ‍್ಯಾಮ್ ಕೆಳಗೆ ಬರಲು ಅರ್ಧ ಸೆಕೆಂಡ್, ಒಟ್ಟು 1.5. ಕೈಯ ವೇಗ ಸೆಕೆಂಡಿಗೆ 1.6 ಮೀಟರ್ ಎಂದು ಹಿಡಿಯುವುದು ರೂಢಿ. ಅಂದರೆ ಬಟನ್ ಡೈನಿಂದ 2.4 ಮೀಟರ್ ದೂರವಿರಬೇಕು! ಕೀ ಜಾಗ ಮೂರಿದ್ದರೂ 1.3 ಮೀಟರ್ ಮೀರುತ್ತದೆ. ಡೈ ಪಕ್ಕದಲ್ಲೇ ಕೂರಿಸಿದ ಬಟನ್ ಒತ್ತಿ, ಬಿಟ್ಟು, ಅಂಚು ಸರಿಮಾಡಲು ಕೈ ಹಾಕುವಷ್ಟು ಸಮಯ ಧಾರಾಳವಾಗಿ ಸಿಗುತ್ತದೆ.

ಕೀ ಕ್ಲಚ್ಚಿಗೆ ಒಗ್ಗುವುದು ಸುತ್ತಲೂ ಮುಚ್ಚಿದ ಗಾರ್ಡ್, ಇಲ್ಲವೇ ಸಂದು 6 ಮಿ.ಮೀ. ಮೀರದ ಮುಚ್ಚಿದ ಡೈ. ಅಷ್ಟರಲ್ಲಿ ಬೆರಳು ತೂರುವುದಿಲ್ಲ. ಪೀಸನ್ನು ಸ್ಲೈಡ್ ಅಥವಾ ಜಾರುಗಾಲುವೆಯಿಂದ ಒಳಗೆ ಬಿಟ್ಟು, ಎಜೆಕ್ಟರ್ ಇಲ್ಲವೇ ಗಾಳಿಯಿಂದ ಹೊರಗೆ ಹಾರಿಸಿದರೆ 1,66,400 ಎಂಬ ಸಂಖ್ಯೆ ನೇರ ಕೆಳಗಿಳಿಯುತ್ತದೆ. ಚಿಮುಟ ಕೊಡುವುದಾದರೆ ಅಲ್ಯೂಮಿನಿಯಮ್ಮಿನದು ಕೊಡಿ, ಸಿಕ್ಕಿಕೊಂಡರೆ ಡೈ ಒಡೆಯುವುದಿಲ್ಲ.

ಹೊಡೆತದ ಮಧ್ಯದಲ್ಲೇ ನಿಲ್ಲಬಲ್ಲ ಏರ್ ಕ್ಲಚ್ ಪ್ರೆಸ್ಸಾದರೆ ಕರ್ಟನ್ ಕೆಲಸಕ್ಕೆ ಬರುತ್ತದೆ. ನಿಲ್ಲಲು ಒಟ್ಟು 0.15 ಸೆಕೆಂಡ್, ಕೈ ವೇಗ (ಹತ್ತಿರ ಕೂರಿಸುವ ಕರ್ಟನ್ನಿಗೆ ಹೆಚ್ಚಿನ ವೇಗವನ್ನೇ ಹಿಡಿಯುತ್ತಾರೆ) ಸೆಕೆಂಡಿಗೆ 2,000 ಮಿ.ಮೀ. ಎಂದರೆ 300 ಮಿ.ಮೀ. ದೂರ, ಕರ್ಟನ್ 30 ಮಿ.ಮೀ. ರೆಸಲ್ಯೂಷನ್ನಿನದಾದರೆ (ಅದು ಗುರುತಿಸುವ ಅತಿ ಸಣ್ಣ ವಸ್ತುವಿನ ಅಳತೆ) ಅದಕ್ಕೆ ಇನ್ನೂ 128 ಮಿ.ಮೀ. ಸೇರಿಸಿ. ಇಲ್ಲೂ ಒಂದು ಬಲೆ: ಬ್ರೇಕ್ ಲೈನರ್ ಸವೆದು ನಿಲ್ಲುವ ಸಮಯ 0.25 ಆದರೆ, ಕರ್ಟನ್ ಕೂತಲ್ಲೇ ಕೂತು, ಹಸಿರು ದೀಪ ಉರಿಸುತ್ತಲೇ, ನಿಷ್ಪ್ರಯೋಜಕವಾಗುತ್ತದೆ. ನಿಲ್ಲುವ ಸಮಯವನ್ನು ಆಗಾಗ ಅಳೆದು ಬರೆದಿಡಿ.

‘ಡಬಲ್ ಹೊಡೆತ’ ಎಂದು ಆಪರೇಟರ್‌ಗಳು ಹೇಳುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪೆಡಲ್ ಒಮ್ಮೆ ಒತ್ತಿದರೆ ರ‍್ಯಾಮ್ ಎರಡು ಸಲ ಇಳಿಯುವುದು ಟ್ರಿಪ್ ಲಿವರ್ ಸವೆದಾಗ, ಇಲ್ಲವೇ ಕೀಯನ್ನು ಹಿಂದಕ್ಕೆ ತರುವ ಸ್ಪ್ರಿಂಗ್ ಸೋತಾಗ. ಅಲ್ಲಿ ಎಳೆಯುವ ಸ್ಪ್ರಿಂಗ್ ಇದ್ದರೆ ಬದಲಿಸಿ: ತುಂಡಾದ ಕ್ಷಣಕ್ಕೆ ಅದರ ಬಲ ಸೊನ್ನೆ. ರಾಡ್ ಮೇಲೆ ಕೂರಿಸಿದ, ಸುರುಳಿಗಳು ಒಂದರೊಳಗೊಂದು ನುಸುಳದ ಒತ್ತುವ ಸ್ಪ್ರಿಂಗ್ ತುಂಡಾದರೂ ಒತ್ತುತ್ತಲೇ ಇರುತ್ತದೆ. ಪೆಡಲ್ ಮೇಲೆ ಮುಚ್ಚಿಗೆ ಹಾಕಿ, ಬಿದ್ದ ಪೀಸು ಪ್ರೆಸ್ ಹೊಡೆಸಬಾರದು. ಡೈ ಸೆಟ್ ಮಾಡುವಾಗ ಮೋಟಾರ್ ಆಫ್ ಮಾಡಿದರಷ್ಟೇ ಸಾಲದು. ತಿರುಗುತ್ತಿರುವ ಫ್ಲೈವೀಲ್‌ನಲ್ಲಿ ಇನ್ನೊಂದು ಹೊಡೆತಕ್ಕೆ ಬೇಕಾದಷ್ಟು ಕಸುವಿರುತ್ತದೆ. ಅದು ಪೂರ್ತಿ ನಿಂತು, ಮೇನ್ ಸ್ವಿಚ್ಚಿಗೆ ಬೀಗ ಬಿದ್ದು, ರ‍್ಯಾಮ್ ಕೆಳಗೆ ಬ್ಲಾಕ್ ಕೂತ ಮೇಲೆ ಕೈ.

ದುಡ್ಡಿನ ಬಾಣ

ಅಪಾಯಕಾರಿ ಭಾಗಕ್ಕೆ ಗಾರ್ಡ್ ಹಾಕಿಸುವುದು ಮಾಲೀಕನ ಹೊಣೆ ಎಂದು 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ನಿನಲ್ಲೇ ಇತ್ತು. ಆದರೂ ಪೀಸ್ ರೇಟ್ ಇರುವಲ್ಲಿ ಗಾರ್ಡ್ ಉಳಿಯುವುದು ಕಷ್ಟ, ಏಕೆಂದರೆ ಗಾರ್ಡ್ ನುಂಗುವ ಸಮಯದ ಖರ್ಚು ಆಪರೇಟರ್ ಜೇಬಿನಿಂದ ಹೋಗುತ್ತದೆ. ಗಾರ್ಡ್ ಹಾಕಿಕೊಂಡು ಎಷ್ಟು ಬರುತ್ತದೋ ಅಷ್ಟಕ್ಕೇ ರೇಟ್ ಕಟ್ಟಿ. ಜಾಮ್ ಬಿಡಿಸಿದ ಹೊತ್ತಿಗೂ ಕೂಲಿ ಕೊಡಿ; ಕೊಡದಿದ್ದರೆ ಪೆಡಲಿನಿಂದ ಕಾಲು ತೆಗೆಯುವ ಪುರುಸೊತ್ತೂ ಅವನಿಗಿರುವುದಿಲ್ಲ. ‘ಅಪಘಾತವಿಲ್ಲದ ತಿಂಗಳಿಗೆ ಬೋನಸ್’ ಎಂಬುದಂತೂ ಬೇಡವೇ ಬೇಡ. ಅದು ಡಬಲ್ ಹೊಡೆತದ ಸುದ್ದಿಯನ್ನು ಮುಚ್ಚಿಡಲು ಕೊಡುವ ಲಂಚವಾಗಿ ತಿರುಗುತ್ತದೆ.

ಬದಲಾವಣೆ ಮಾಡಿದ ಎರಡು ವಾರಕ್ಕೆ ಅದೇ ಸ್ಟೂಲ್, ಅದೇ ಮೂರು ಗಂಟೆಗಳ ಎಣಿಕೆ. ಒಂದು ಸಾಲು ಇಳಿದು ಇನ್ನೊಂದು ಏರಿದೆಯೇ ನೋಡಿ: ಎಜೆಕ್ಟರ್ ಹಾಕಿದ ಮೇಲೆ ತೆಗೆಯುವ ಕೈ ನಿಂತು, ಎಜೆಕ್ಟರ್ ಪಿನ್ ಸುತ್ತ ಕೂತ ಚೂರು ಗುಡಿಸುವ ಕೈ ಹೆಚ್ಚಾಗಿರಬಹುದು. ಹಾಗಾಗಿದ್ದರೆ ಹಾಳೆ ಮತ್ತೆ ಮೇಜಿನ ಮೇಲೆ ಬರಲಿ, ಐವರೂ ಬರಲಿ.