ಬೋರ್ಡೋ ಕೆಂಪು ವೈನ್: ಎಲ್ಲವೂ ಸಿಪ್ಪೆಗಾಗಿ

ಕಾಬರ್ನೆ ಸೋವಿನ್ಯೋಂ ಎಂಬ ದ್ರಾಕ್ಷಿ ತಳಿಯ ಹಣ್ಣೊಂದನ್ನು ಬೆರಳಲ್ಲಿ ಹಿಚುಕಿದರೆ ಬರುವ ರಸಕ್ಕೆ ಬಣ್ಣವೇ ಇರುವುದಿಲ್ಲ. ಕೆಂಪು ಇರುವುದು ಸಿಪ್ಪೆಯಲ್ಲಿ. ಒಗರು, ಪರಿಮಳಗಳೂ ಬಹುಪಾಲು ಅಲ್ಲೇ. ಫ್ರಾನ್ಸಿನ ಬೋರ್ಡೋ ನಗರದ ಪಕ್ಕದ ಮೆದೋಕ್ ಸೀಮೆಯ ತೋಟಗಳಲ್ಲಿ ವರ್ಷವಿಡೀ ಪಡುವ ಪಾಡು ಈ ಸಿಪ್ಪೆ ಚೆನ್ನಾಗಿ ಮಾಗಲೆಂದು.

ನೀರು ನಿಲ್ಲದ ಜಲ್ಲಿ ನೆಲಕ್ಕೆ ಕಾಬರ್ನೆ, ಜೇಡಿ ನೆಲಕ್ಕೆ ಮೆರ್ಲೋ ಎಂಬ ಇನ್ನೊಂದು ತಳಿ. ಸಾಲಿಗೂ ಗಿಡಕ್ಕೂ ಒಂದೊಂದು ಮೀಟರ್ ಅಂತರವಿಟ್ಟರೆ ಹೆಕ್ಟೇರಿಗೆ 10,000 ಬಳ್ಳಿ. ಬೇರು ಮಾತ್ರ ಅಮೆರಿಕದ ತಳಿಯದು, ಅದರ ಮೇಲೆ ಕಸಿ: 19ನೇ ಶತಮಾನದಲ್ಲಿ ಬೇರು ತಿನ್ನುವ ಫಿಲೊಕ್ಸೆರಾ ಕೀಟ ಫ್ರಾನ್ಸಿನ ತೋಟಗಳನ್ನು ಹಾಳುಗೆಡವಿದ ಮೇಲೆ ಹಿಡಿದ ದಾರಿಯಿದು.

ಚಳಿಗಾಲದಲ್ಲಿ ಸವರುವಾಗ ಬಳ್ಳಿಗೆ ಎರಡೇ ಕಡ್ಡಿ ಉಳಿಸಿ, ಎಡಬಲಕ್ಕೆ ಬಗ್ಗಿಸಿ ತಂತಿಗೆ ಕಟ್ಟಬೇಕು. ಚಿಗುರೊಡೆಯುವ ಕಣ್ಣು ಹೆಚ್ಚು ಬಿಟ್ಟರೆ ಗೊಂಚಲು ಹೆಚ್ಚುತ್ತದೆ, ರಸ ಸಪ್ಪೆಯಾಗುತ್ತದೆ. ಕಾಯಿ ಕಚ್ಚಿದ ಮೇಲೆ ಬೆಳಗಿನ ಬಿಸಿಲು ಬೀಳುವ ಕಡೆ ಎಲೆ ಕಿತ್ತರೆ ಗೊಂಚಲಿಗೆ ಗಾಳಿಯಾಡುತ್ತದೆ. ಮಧ್ಯಾಹ್ನದ ಕಡೆಯ ಎಲೆ ಮುಟ್ಟಬಾರದು, ಹಣ್ಣು ಸುಡುತ್ತದೆ. ಇಲ್ಲಿಯ ದೊಡ್ಡ ಶತ್ರು ಡೌನಿ ಬೂಜುರೋಗ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ 1880ರ ದಶಕದಲ್ಲಿ ಹುಟ್ಟಿದ್ದು ಈ ತೋಟಗಳಲ್ಲೇ. ಅದು ರೋಗ ತಡೆಯುತ್ತದೆ, ಬಂದದ್ದನ್ನು ವಾಸಿ ಮಾಡುವುದಿಲ್ಲ; ಆದ್ದರಿಂದ ಮಳೆಗೆ ಮುಂಚೆಯೇ ಹೊಡೆಯಬೇಕು. ಮೈಲುತುತ್ತದ ತಾಮ್ರ ಮಣ್ಣಲ್ಲೇ ಉಳಿಯುವುದರಿಂದ ಐರೋಪ್ಯ ಒಕ್ಕೂಟ 7 ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ಎಂದು ಮಿತಿ ಹಾಕಿದೆ.

ಕೊಯ್ಲಿನ ಹೊತ್ತು ತಿಳಿಯಲು ಸಕ್ಕರೆಯ ಲೆಕ್ಕವೊಂದೇ ಸಾಲದು. ಬೀಜ ಉಗುಳಿ ನೋಡಿ: ಹಸಿರಿದ್ದರೆ ವೈನ್ ಕಹಿ. ಕಂದು ಬಣ್ಣಕ್ಕೆ ತಿರುಗಿ, ಹಲ್ಲಿಗೆ ಸಿಕ್ಕರೆ ಹುರಿದ ಕಾಳಿನಂತೆ ಪಟ್ಟೆನ್ನಬೇಕು. ಸಾಮಾನ್ಯವಾಗಿ ಮೊದಲು ಮೆರ್ಲೋ, ಒಂದೆರಡು ವಾರ ಬಿಟ್ಟು ಕಾಬರ್ನೆ.

ತೊಟ್ಟು ಬಿಡಿಸಿ, ಕೊಳೆತದ್ದನ್ನು ಆರಿಸಿ, ಹಣ್ಣನ್ನು ಸ್ವಲ್ಪ ಒಡೆದು ತೊಟ್ಟಿಗೆ ತುಂಬಬೇಕು. ರಸ ಕೆಡದಿರಲು ಲೀಟರಿಗೆ 30–50 ಮಿಲಿಗ್ರಾಂ ಸಲ್ಫರ್ ಡೈಆಕ್ಸೈಡ್ ಸಾಕು. ಲೀಟರ್ ರಸದಲ್ಲಿನ ಸುಮಾರು 17 ಗ್ರಾಂ ಸಕ್ಕರೆಯಿಂದ 1% ಆಲ್ಕೋಹಾಲ್. 13% ಬೇಕಿದ್ದರೆ 220 ಗ್ರಾಂ ಇರಬೇಕು. ಹುದುಗು ಏರಿದಂತೆ ಸಿಪ್ಪೆ ಮೇಲೆ ತೇಲಿ ದಪ್ಪ ಪದರ ಕಟ್ಟುತ್ತದೆ. ಅದು ಒಣಗಿದರೆ ವಿನೆಗರ್ ವಾಸನೆ ಶುರು. ದಿನಕ್ಕೆರಡು ಸಲ ತಳದ ರಸವನ್ನು ಪಂಪಿನಿಂದೆತ್ತಿ ಪದರವೆಲ್ಲ ನೆನೆಯುವಂತೆ ಸುರಿಯಬೇಕು. ಶಾಖ 26–30 ಡಿಗ್ರಿಯಲ್ಲಿರಲಿ. 35 ದಾಟಿದರೆ ಯೀಸ್ಟ್ ಸತ್ತು ಹುದುಗು ಅರ್ಧಕ್ಕೇ ನಿಂತು ಸಕ್ಕರೆ ಉಳಿಯುತ್ತದೆ. ಆಲ್ಕೋಹಾಲ್ ಏರಿದ ಮೇಲೆ ಸುರಿಯುವುದನ್ನು ಕಡಿಮೆ ಮಾಡಬೇಕು, ಇಲ್ಲವಾದರೆ ಬೀಜದ ಕಹಿಯೂ ಇಳಿಯುತ್ತದೆ. ಒಂದು ಎಚ್ಚರಿಕೆ: ತೊಟ್ಟಿಯೊಳಗೆ ತುಂಬಿದ ಇಂಗಾಲದ ಡೈಆಕ್ಸೈಡ್ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಗಾಳಿ ಪರೀಕ್ಷಿಸದೆ, ಒಬ್ಬರೇ ಎಂದೂ ಇಳಿಯಬೇಡಿ.

ದಿನವೂ ರುಚಿ ನೋಡುತ್ತ, ಸುಮಾರು ಮೂರು ವಾರಕ್ಕೆ ವೈನ್ ಬಸಿದು, ಸಿಪ್ಪೆ ಹಿಂಡಿದ್ದನ್ನು ಬೇರೆಯಾಗಿಡಬೇಕು. ಎರಡನೆಯ ಹುದುಗಿನಲ್ಲಿ ಮ್ಯಾಲಿಕ್ ಹುಳಿ ಮೃದುವಾದ ಲ್ಯಾಕ್ಟಿಕ್ ಹುಳಿಯಾಗುತ್ತದೆ. ಅದು ಪೂರ್ತಿ ಮುಗಿಯದಿದ್ದರೆ ಸೀಸೆಯಲ್ಲಿ ಗುಳ್ಳೆ ಏಳುತ್ತದೆ. ಆಮೇಲೆ 225 ಲೀಟರಿನ ಓಕ್ ಪೀಪಾಯಿಗಳಲ್ಲಿ 12ರಿಂದ 18 ತಿಂಗಳು. ಆವಿಯಾದಷ್ಟನ್ನು ಆಗಾಗ ತುಂಬುತ್ತಿರಬೇಕು, ಮೂರು ತಿಂಗಳಿಗೊಮ್ಮೆ ಗಸಿ ಬಿಟ್ಟು ಬೇರೆ ಪೀಪಾಯಿಗೆ ಬಗ್ಗಿಸಬೇಕು. ಕೊನೆಗೆ ಪೀಪಾಯಿಗೆ ಐದಾರು ಮೊಟ್ಟೆಯ ಬಿಳಿ ಕದಡಿದರೆ ಒರಟು ಒಗರು ಅದಕ್ಕಂಟಿ ತಳಕ್ಕಿಳಿಯುತ್ತದೆ. ತಿಳಿಯನ್ನು ಸೀಸೆಗೆ ತುಂಬುವುದು.